ಎರಡು ಕಾದಂಬರಿಗಳು, ಒಂದು ಹಳೆಯ ಜಿಲ್ಲೆ

ನಮ್ಮ ಸಂಘದ ವಾಚನಗೋಷ್ಠಿಯಲ್ಲಿ ನಿರಂಜನರ 'ಚಿರಸ್ಮರಣೆ'ಯನ್ನು ಓದೋಣವೆಂದು ನಾನು ಸೂಚಿಸಿದಾಗ ಹಿರಿಯರೊಬ್ಬರು, "ಅದು ಮಲಯಾಳಿಗಳ ಕತೆಯಲ್ಲವೆ ಮಾಸ್ತರೇ, ನಮಗೇಕೆ?" ಎಂದು ಕೇಳಿದರು. ಪ್ರಶ್ನೆ ಅಸಹಜವಾದುದೇನೂ ಅಲ್ಲ. 1956ರ ನವೆಂಬರ್ 1ರಿಂದ ಕಳೆದುಕೊಂಡದ್ದನ್ನೇ ಎಣಿಸುತ್ತ ಬಂದವರು ನಾವು. ಮಹಾಜನ ಆಯೋಗವು 1967ರಲ್ಲಿ ಕನ್ನಡನಾಡಿಗೆ ಸೇರತಕ್ಕುದೆಂದು ಹೇಳಿದ್ದು ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನು ಮಾತ್ರ. ಕಯ್ಯೂರು ಅದರ ಬಹು ದಕ್ಷಿಣಕ್ಕಿದೆ. ನಾವು ಕೇಳಿಯೂ ಇರದ ಊರಿನ ಕತೆ ನಮ್ಮದು ಹೇಗಾಗುತ್ತದೆ? ಆ ದಿನ ಉತ್ತರ ತೋಚಲಿಲ್ಲ. ಈಗ ಅದೇ ಪುಸ್ತಕವನ್ನು ಕಾರಂತರ 'ಚೋಮನ ದುಡಿ'ಯ ಜೊತೆಗಿಟ್ಟು ಓದಿದ ಮೇಲೆ ನಾಲ್ಕು ಮಾತು ಹೇಳಬೇಕೆನ್ನಿಸಿದೆ.

'ಚೋಮನ ದುಡಿ' ಬಂದದ್ದು 1933ರಲ್ಲಿ, 'ಚಿರಸ್ಮರಣೆ' 1955ರಲ್ಲಿ. ಎರಡರ ನೆಲವೂ ಆಗಿನ ದಕ್ಷಿಣ ಕನ್ನಡ ಜಿಲ್ಲೆಯೇ. ಕಯ್ಯೂರು ಆ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿತ್ತು. ಒಂದೇ ಕಲೆಕ್ಟರ ಕಚೇರಿ, ಒಂದೇ ಮದರಾಸು ಸರಕಾರ. ಒಂದೇ ಆಳ್ವಿಕೆಯ ಕೆಳಗಿನ ಎರಡು ಬಡತನಗಳನ್ನು ಇಬ್ಬರು ಲೇಖಕರು ಕಂಡ ಬಗೆ ಮಾತ್ರ ಬೇರೆ ಬೇರೆ.

ಕಯ್ಯೂರಿನ ಸಂಗತಿ ಇತಿಹಾಸಕ್ಕೆ ಸೇರಿದ್ದು. ಗೇಣಿಯ ಮೇಲೆ ಇಲ್ಲದ ಕಾಣಿಕೆಗಳನ್ನು ಹೇರುತ್ತಿದ್ದ ಜನ್ಮಿಗಳ ವಿರುದ್ಧ ರೈತಸಂಘ ಕಟ್ಟಿದ ಜನ 1941ರ ಮಾರ್ಚ್ 28ರಂದು ಮೆರವಣಿಗೆ ಹೊರಟಾಗ ಎದುರಾದ ಪೋಲೀಸಿನವನೊಬ್ಬನು ಹೊಳೆಯ ಪಾಲಾದನು. ಮೊಕದ್ದಮೆ ನಡೆದು ಅಪ್ಪು, ಚಿರುಕಂಡ, ಕುಞಂಬು ನಾಯರ್, ಅಬೂಬಕರ್ ಈ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಐದನೆಯವನು ಇನ್ನೂ ಪ್ರಾಯಕ್ಕೆ ಬಾರದವನಾದುದರಿಂದ ಕುಣಿಕೆಯಿಂದ ಉಳಿದನು. ನೀಲೇಶ್ವರದಲ್ಲಿ ಓದಿದ ನಿರಂಜನರಿಗೆ ಇದು ಪತ್ರಿಕೆಯ ಸುದ್ದಿಯಾಗಿರಲಿಲ್ಲ, ನೆರೆಯ ಸಾವಾಗಿತ್ತು. ಆ ಬಿಸಿ ಕಾದಂಬರಿಯ ಕೊನೆಯ ಭಾಗದಲ್ಲಿ ಇಂದಿಗೂ ಆರಿಲ್ಲ.

ಆದರೆ ಕಾದಂಬರಿಯ ನಾಯಕತ್ವದ ಚಿತ್ರದ ಬಗ್ಗೆ ನನಗೊಂದು ಆಕ್ಷೇಪವಿದೆ. ಹುಡುಗರನ್ನು ತಿದ್ದಿ ಸಂಘದ ಹಾದಿಗೆ ತರುವವರು ಅಲ್ಲಿ ಊರಿನ ಮಾಸ್ತರು. ನನ್ನ ಕಸುಬಿನವರೇ ಆದುದರಿಂದ ಮೊದಲ ಓದಿನಲ್ಲಿ ಎದೆಯುಬ್ಬಿತು. ಆ ಕಾಲದ ಮಲಬಾರಿನ ಚಳವಳಿಯಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಬಹುಮಂದಿ ಇದ್ದದ್ದು ನಿಜವೇ. ಎರಡನೆಯ ಓದಿನಲ್ಲಿ ಸಂದೇಹ ಮೂಡಿತು. ಈ ಮಾಸ್ತರು ತಾವು ಕಲಿಸಿದ ಪಾಠದ ಫಲವಾಗಿ ಶಿಷ್ಯರು ಗಲ್ಲಿಗೆ ನಡೆದರಲ್ಲಾ ಎಂದು ಒಂದು ರಾತ್ರಿಯಾದರೂ ನಿದ್ದೆಗೆಟ್ಟು ಕುಳಿತಿರಬೇಕಲ್ಲವೆ? ತಿಂಗಳಿಗೊಮ್ಮೆ ಸಂಬಳ ಎಣಿಸುವ ನಾವೇ, ಒಬ್ಬ ಹುಡುಗ ನಮ್ಮ ಮಾತು ಕೇಳಿ ಶಾಲೆಯಿಂದ ಹೊರಗುಳಿದರೆ ವಾರಗಟ್ಟಲೆ ಕೊರಗುತ್ತೇವೆ. ಆ ಕೊರಗಿಗೆ ಕೊಡಬಹುದಾಗಿದ್ದ ಪುಟಗಳನ್ನು ನಿರಂಜನರು ಸಂಘದ ನಂಬಿಕೆಗೆ ಕೊಟ್ಟಿದ್ದಾರೆ. ಲೇಖಕರು ಮಾಸ್ತರನ್ನು ಅತಿಯಾಗಿ ಗೌರವಿಸಿ ಅವರ ಮನಸ್ಸಿನೊಳಕ್ಕೆ ಹೋಗಲು ಹಿಂಜರಿದಂತೆ ಕಾಣುತ್ತದೆ.

ಚೋಮನಿಗೆ ಮಾಸ್ತರೂ ಇಲ್ಲ, ಸಂಘವೂ ಇಲ್ಲ. ಅವನಿಗಿರುವುದು ಒಂದು ಜೊತೆ ಎತ್ತು, ಐದು ಮಕ್ಕಳು, ಒಂದು ದುಡಿ. ಅಸ್ಪೃಶ್ಯ ಜಾತಿಯ ಮೂಲದಾಳಾದ ಅವನಿಗೆ ತುಂಡು ಗದ್ದೆಯನ್ನು ಗೇಣಿಗೆ ಹಿಡಿದು ಉಳಬೇಕೆಂಬುದೊಂದೇ ಆಸೆ. ಧಣಿ ಸಂಕಪ್ಪಯ್ಯ ದುಷ್ಟನಲ್ಲ; ಮನಸ್ಸು ಕರಗಿದವನೇ. ಆದರೆ ತಾಯಿ ಹಿಂದಿನಿಂದ ಬಂದ ಕಟ್ಟಳೆಯ ಮಾತೆತ್ತಿದೊಡನೆ ಅವನ ಒಳ್ಳೆಯತನ ಮುಗಿಯುತ್ತದೆ. ನಾಯಕತ್ವವೆಂಬುದನ್ನು ನಾವು ವೇದಿಕೆಯ ಮೇಲೆ ಹುಡುಕುತ್ತೇವೆ. ಕಾರಂತರು ಅದನ್ನು ಚಾವಡಿಯಲ್ಲಿ ತೋರಿಸಿದ್ದಾರೆ. ಒಂದು ಮನೆಯ ಯಜಮಾನನು ತಾಯಿಗೆ ಎದುರಾಡಲಾರದೆ ಹೋದುದರಿಂದ ಇನ್ನೊಂದು ಮನೆಯೇ ಅಳಿಯಿತು. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಮಕ್ಕಳಲ್ಲಿ ಚನಿಯ ಜ್ವರದಿಂದ ಸತ್ತ, ಗುರುವ ಮತಾಂತರಗೊಂಡು ದೂರವಾದ. ನೀಲ ನೀರಿನಲ್ಲಿ ಮುಳುಗುವಾಗ ಮೇಲುಜಾತಿಯವರು ದಡದಲ್ಲಿ ನಿಂತು ನೋಡಿದರು. ಈ ಭಾಗವನ್ನು ಒಮ್ಮೆ ನನ್ನ ತರಗತಿಯಲ್ಲಿ ಕತೆಯಾಗಿ ಹೇಳಿದಾಗ ಹುಡುಗನೊಬ್ಬ, "ಅವರಿಗೆ ಯಾರಿಗೂ ಈಜು ಬರುತ್ತಿರಲಿಲ್ಲವೇ ಮಾಸ್ತರೇ?" ಎಂದು ಕೇಳಿದ. ನಾನು ಪುಸ್ತಕ ಮುಚ್ಚಿ ಗಣಿತ ತೆಗೆಸಿದೆನೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಇನ್ನು ನಂಬಿಕೆಯ ವಿಚಾರ. ಕಿರಿಸ್ತಾನನಾದರೆ ಭೂಮಿ ಸಿಕ್ಕೀತೆಂದು ಹೊರಟ ಚೋಮನನ್ನು ಹಿಂದಕ್ಕೆ ತಿರುಗಿಸುವುದು ಪಂಜುರ್ಲಿ. ಇದು ಮೌಢ್ಯವೋ ನಿಷ್ಠೆಯೋ ಎಂಬ ಚರ್ಚೆ ಹಿಂದಿನಿಂದಲೂ ಇದೆ. ನನಗೆ ತೋರುವುದಿಷ್ಟು: ಊರಿನ ದೇವಸ್ಥಾನದ ಬಾಗಿಲು ಅವನಿಗೆ ಮುಚ್ಚಿತ್ತು, ಚಾವಡಿಯ ಮೆಟ್ಟಿಲು ಮುಚ್ಚಿತ್ತು, ಗದ್ದೆಯ ಹುಣಿ ಮುಚ್ಚಿತ್ತು. ಪಂಜುರ್ಲಿಯೊಂದೇ ಅವನದು. ಅದನ್ನೂ ಕೊಟ್ಟು ಭೂಮಿ ಪಡೆದರೆ ಉಳುವವನು ಚೋಮನಾಗಿ ಉಳಿಯುವನೆ? ಅವನನ್ನು ಕಟ್ಟಿಹಾಕಿದ ಕಟ್ಟಳೆಗೂ ನಂಬಿಕೆಯೇ ಆಧಾರ, ಅವನನ್ನು ಮನುಷ್ಯನಾಗಿ ನಿಲ್ಲಿಸಿದುದಕ್ಕೂ ನಂಬಿಕೆಯೇ ಆಧಾರ. ಕಾರಂತರು ಈ ಗಂಟನ್ನು ಬಿಡಿಸಲು ಹೋಗಲಿಲ್ಲ. ಅದು ಅವರ ದೊಡ್ಡತನ. 'ಚಿರಸ್ಮರಣೆ'ಯಲ್ಲಿ ನಾಯರೂ ಮಾಪಿಳ್ಳೆಯೂ ಒಂದೇ ಕುಣಿಕೆಗೆ ಕೊರಳೊಡ್ಡುತ್ತಾರೆ. ಅದು ಚರಿತ್ರೆಯೇ ಬರೆದ ಮಹತ್ತಾದ ಚಿತ್ರ. ಆದರೂ ಅಲ್ಲಿ ತೀರ್ಮಾನಗಳು ಸಂಘದಲ್ಲಾಗುತ್ತವೆಯೇ ಹೊರತು ದೈವದ ಮುಂದೆ ಆಗುವುದಿಲ್ಲ. ತೆಯ್ಯಂ ಕಟ್ಟುವ ಆ ನೆಲದಲ್ಲಿ ಸಂಘಕ್ಕೆ ಸೇರಿದ ರೈತನು ತನ್ನ ದೈವಕ್ಕೆ ಏನೆಂದು ಹೇಳಿಕೊಂಡ ಎಂಬುದನ್ನು ತಿಳಿಯಬೇಕೆಂಬ ಹಸಿವು ನನಗೆ ಉಳಿದೇ ಹೋಯಿತು.

ಸರಕಾರದ ಕಾನೂನು ಎರಡು ಕತೆಗಳೂ ಮುಗಿದ ಮೇಲೆ ಬಂತು. 1957ರಲ್ಲಿ ನೀಲೇಶ್ವರದಿಂದಲೇ ಆರಿಸಿ ಬಂದ ಇ. ಎಂ. ಎಸ್. ನಂಬೂದಿರಿಪಾಡರು ಕೇರಳದ ಮೊದಲ ಮುಖ್ಯಮಂತ್ರಿಯಾದರು. ಕಯ್ಯೂರು ಪ್ರಕರಣದಲ್ಲಿ ತಲೆಮರೆಸಿಕೊಂಡಿದ್ದ ಇ. ಕೆ. ನಾಯನಾರರು 1980ರಲ್ಲಿ ಅದೇ ಪದವಿಗೇರಿದರು. 1963ರ ಭೂಸುಧಾರಣಾ ಕಾನೂನು 1969ರ ತಿದ್ದುಪಡಿಯೊಡನೆ 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿಪದ್ಧತಿಯನ್ನು ಕೊನೆಗಾಣಿಸಿತು. ಕರ್ನಾಟಕದಲ್ಲಿ ಅಂಥದೇ ತಿದ್ದುಪಡಿ 1974ರಲ್ಲಿ ಜಾರಿಗೆ ಬಂತು. ಅಪ್ಪು ಚಿರುಕಂಡರ ಮನೆಯವರಂಥ ಗೇಣಿದಾರರಿಗೆ ಇದರಿಂದ ಭೂಮಿ ದಕ್ಕಿತು. ಚೋಮನಿಗೆ? ಉಳುವವನೇ ಹೊಲದೊಡೆಯನೆಂದ ಕಾನೂನು ಕೇಳುವುದು ಗೇಣಿಯ ಚೀಟಿಯನ್ನು. ಚೋಮ ಜೀವವಿಡೀ ಬೇಡಿದ್ದು ಆ ಗೇಣಿಯನ್ನೇ. ಅದೇ ಅವನಿಗೆ ಸಿಗಲಿಲ್ಲ. ನಲವತ್ತು ವರುಷ ತಡೆದು ಬಂದ ಕಾನೂನಿಗೂ ಅವನು ಕಾಣುತ್ತಿರಲಿಲ್ಲ. ಗಡಿಯ ಈಚೆ ಹುಟ್ಟಿದ್ದರೆ, ಧಣಿಯ ಜಾಗದಲ್ಲಿ ಗುಡಿಸಲು ಹಾಕಿಕೊಂಡವನೆಂಬ ಲೆಕ್ಕದಲ್ಲಿ ಪಂಚಾಯತಿನೊಳಗೆ ಹತ್ತು ಸೆಂಟ್ಸು ದೊರೆಯಬಹುದಿತ್ತು. ಹತ್ತು ಸೆಂಟ್ಸಿನಲ್ಲಿ ಎತ್ತು ಹೂಡಿ ತಿರುಗಿಸುವುದಕ್ಕೂ ಸ್ಥಳ ಸಾಲದು. ಈ ಸೂಕ್ಷ್ಮವನ್ನು ಕಾದಂಬರಿ 1933ರಲ್ಲೇ ಕಂಡಿತ್ತೆನ್ನುವುದು ನನಗೆ ಸಾಹಿತ್ಯದ ಮೇಲಿನ ಭರವಸೆಯನ್ನು ಹೆಚ್ಚಿಸಿದೆ.

ಕೊನೆಗೆ ಹಿರಿಯರ ಪ್ರಶ್ನೆ. ಚೋಮನ ಮನೆಮಾತು ತುಳು. ಕಾರಂತರು ಅವನನ್ನು ಕನ್ನಡದಲ್ಲಿ ಮಾತನಾಡಿಸಿದರು. ಚಿರುಕಂಡನ ಮನೆಮಾತು ಮಲಯಾಳ. ನಿರಂಜನರೂ ಹಾಗೆಯೇ ಮಾಡಿದರು. ಚೋಮನನ್ನು ನಮ್ಮವನೆನ್ನಲು ನಮಗೆ ಎಂದೂ ಅಡ್ಡಿಯಾಗಲಿಲ್ಲ. ಕಯ್ಯೂರಿನವರು ಈ ಕತೆಯನ್ನು ಕನ್ನಡದಿಂದ ಮಲಯಾಳಕ್ಕೆ ಅನುವಾದ ಮಾಡಿಸಿಕೊಂಡು ಓದಿದರು. ತಮ್ಮ ಸತ್ತವರ ಕತೆಯನ್ನು ಕನ್ನಡಿಗನೇಕೆ ಬರೆದನೆಂದು ಅವರಾರೂ ಕೇಳಿದಂತಿಲ್ಲ. ಮುಂದಿನ ಗೋಷ್ಠಿಗೆ ಎರಡು ಪುಸ್ತಕಗಳನ್ನೂ ತರುತ್ತೇನೆ. ಪ್ರಶ್ನೆ ಕೇಳಿದ ಹಿರಿಯರೇ ಕಯ್ಯೂರಿನ ಮೊದಲ ಅಧ್ಯಾಯವನ್ನು ಓದಿ ಹೇಳಬೇಕೆಂದು ನನ್ನ ವಿನಂತಿ.