ಪ್ರತಿನಾಯಕನ ಸ್ವಭಾವ: ಬಾಹ್ಯಾಕಾಶ ತಂತ್ರಕ್ರೀಡೆಗಳಲ್ಲಿ ಮಾಡ್‌ಗಳ ಪಾತ್ರ

ಗಣಕಯಂತ್ರದಲ್ಲಿ ಆಡುವ ಬಾಹ್ಯಾಕಾಶ ತಂತ್ರಕ್ರೀಡೆಗಳನ್ನು ಕುರಿತ ಚರ್ಚೆಯಲ್ಲಿ ದೃಶ್ಯವೈಭವಕ್ಕೂ ನಿಯಮಗಳ ಸಂಕೀರ್ಣತೆಗೂ ಸಂದಷ್ಟು ಗಮನ ಎದುರಾಳಿಯ ಸ್ವಭಾವಕ್ಕೆ ಸಂದಿಲ್ಲ. ಆಟಗಾರ ಒಬ್ಬನೇ ಕುಳಿತು ಆಡುವಾಗ ಉಳಿದೆಲ್ಲ ಸಾಮ್ರಾಜ್ಯಗಳನ್ನು ನಡೆಸುವುದು ಯಂತ್ರವೇ. ಅದು ಯಾರ ಮೇಲೆ ಯುದ್ಧ ಸಾರುತ್ತದೆ, ಯಾರೊಡನೆ ಸಂಧಿ ಮಾಡಿಕೊಳ್ಳುತ್ತದೆ, ಕೊಟ್ಟ ಮಾತಿಗೆ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದರಿಂದಲೇ ಆಟಕ್ಕೆ ಕಥೆಯ ಗುಣ ಒದಗುತ್ತದೆ. 1993ರಲ್ಲಿ ಹೊರಬಂದ ‘ಮಾಸ್ಟರ್ ಆಫ್ ಓರಿಯನ್’ ಇದನ್ನು ಚೆನ್ನಾಗಿ ಅರಿತಿತ್ತು. ಅಲ್ಲಿಯ ಎದುರಾಳಿ ಅರಸರಿಗೆ ಆರು ಬಗೆಯ ಮನೋಧರ್ಮಗಳನ್ನೂ ಆರು ಬಗೆಯ ಗುರಿಗಳನ್ನೂ ಹಂಚಲಾಗಿತ್ತು. ನಿರ್ದಯಿಯೊಬ್ಬ ವಿಜ್ಞಾನಪ್ರಿಯನಾಗಿರಬಹುದಿತ್ತು, ಶಾಂತಿಪ್ರಿಯನೊಬ್ಬ ನೆಲದಾಹಿಯಾಗಿರಬಹುದಿತ್ತು. ಲೆಕ್ಕಾಚಾರದಲ್ಲಿ ಆ ಯಂತ್ರ ಇಂದಿನ ಮಟ್ಟಕ್ಕೆ ತೀರ ಬಡವಾದರೂ ಅದರ ಅರಸರನ್ನು ಒಬ್ಬರಿಂದೊಬ್ಬರನ್ನು ಬೇರ್ಪಡಿಸಿ ಗುರುತಿಸಬಹುದಾಗಿತ್ತು.

ಆಟವನ್ನು ಕೊಂಡವರೇ ಅದರ ಕಡತಗಳನ್ನು ತಿದ್ದಿ, ಸೇರಿಸಿ, ಬದಲಿಸಿ ಪರಸ್ಪರ ಹಂಚಿಕೊಳ್ಳುವ ಮಾರ್ಪಾಡಿಗೆ ‘ಮಾಡ್’ ಎಂಬ ಹೆಸರಿದೆ. ಈ ತಿದ್ದುಪಡಿ ಎದುರಾಳಿಯ ನಡವಳಿಕೆಯನ್ನು ಎಷ್ಟರಮಟ್ಟಿಗೆ ಬದಲಿಸಬಲ್ಲದು ಎಂಬ ಪ್ರಶ್ನೆಗೆ ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2016ರ ಮೇ ತಿಂಗಳಲ್ಲಿ ಹೊರತಂದ ‘ಸ್ಟೆಲ್ಲಾರಿಸ್’ ಒಳ್ಳೆಯ ನಿದರ್ಶನ. ಇದರ ನಿರ್ಧಾರಯಂತ್ರದ ಒಡಲು ಮುಚ್ಚಿದ್ದು. ಹೊರಗಿನವರು ಅದನ್ನು ಮುಟ್ಟಲಾರರು. ತೆರೆದಿರುವುದು ಅದು ಓದುವ ಪಠ್ಯಕಡತಗಳು ಮಾತ್ರ. ಪ್ರತಿಯೊಂದು ತಂತ್ರಜ್ಞಾನಕ್ಕೂ ಎದುರಾಳಿ ಅದನ್ನು ಎಷ್ಟು ಬಯಸಬೇಕೆಂದು ಸೂಚಿಸುವ ಒಂದು ಸಂಖ್ಯೆ ಇದೆ. ಅದನ್ನು ‘ತೂಕ’ ಎನ್ನಬಹುದು. ಸಂದರ್ಭಾನುಸಾರ ಈ ತೂಕ ಗುಣಿಸಲ್ಪಡುತ್ತದೆ. ಸೊನ್ನೆಯಾದರೆ ಎದುರಾಳಿ ಅತ್ತ ತಿರುಗಿಯೂ ನೋಡುವುದಿಲ್ಲ. ಸ್ವಭಾವಗಳಿಗೆ ಮೀಸಲಾದ ಕಡತಗಳಲ್ಲಿ ಆಕ್ರಮಣಶೀಲತೆ, ಧೈರ್ಯ, ವ್ಯಾಪಾರದ ಒಲವು, ಸೇನಾವೆಚ್ಚ ಇವೆಲ್ಲ ಅಂಕಿಗಳಾಗಿ ಕುಳಿತಿವೆ. ಅನ್ಯರನ್ನು ಅಳಿಸಿಹಾಕುವುದನ್ನೇ ಧರ್ಮವೆಂದು ನಂಬಿದ ‘ಫೆನಾಟಿಕಲ್ ಪ್ಯೂರಿಫೈಯರ್ಸ್’, ಒಕ್ಕೂಟ ಕಟ್ಟಹೊರಟ ‘ಫೆಡರೇಷನ್ ಬಿಲ್ಡರ್ಸ್’ ಇಬ್ಬರೂ ಒಂದೇ ಯಂತ್ರದ ಎರಡು ವೇಷಗಳು. ಆದುದರಿಂದ ಮಾಡ್ ರಚನಕಾರ ಎದುರಾಳಿಗೆ ಹೊಸ ಬುದ್ಧಿಯನ್ನು ಕೊಡುತ್ತಾನೆಂಬ ರೂಢಿಯ ಮಾತು ಅಷ್ಟು ನಿಖರವಲ್ಲ. ಅವನು ಕೊಡುವುದು ಹೊಸ ಆಸೆಗಳನ್ನು. ಆಲೋಚಿಸುವ ಕ್ರಮ ಹಾಗೆಯೇ ಉಳಿದು, ಯಾವುದನ್ನು ಬಯಸಬೇಕೆಂಬುದು ಮಾತ್ರ ಬದಲಾಗುತ್ತದೆ.

ಎದುರಾಳಿಯನ್ನು ತಿದ್ದುವ ಉದ್ದೇಶವೇ ಇಲ್ಲದ ಮಾಡ್‌ಗಳೂ ಅವನನ್ನು ಕೆಡಿಸಬಲ್ಲವು. ಹೊಸ ತಂತ್ರಜ್ಞಾನಗಳನ್ನು ಉತ್ಸಾಹದಿಂದ ಸೇರಿಸಿದ ರಚನಕಾರ ಅವುಗಳಿಗೆ ತಕ್ಕ ತೂಕವನ್ನು ಬರೆಯಲು ಮರೆತರೆ, ಆಟಗಾರನಿಗೆ ಅವು ವರವಾಗುತ್ತವೆ, ಎದುರಾಳಿಗೆ ಗೊಂದಲವಾಗುತ್ತವೆ. ಇನ್ನೊಂದು ತೊಡಕು ಕಡತದ ಹೆಸರಿನದು. ಮೂಲದ ಹೆಸರನ್ನೇ ಹೊತ್ತ ಮಾಡ್ ಕಡತ ಮೂಲಕಡತವನ್ನು ಇಡಿಯಾಗಿ ಮರೆಮಾಡುತ್ತದೆ. ಒಂದು ಸಾಲನ್ನು ತಿದ್ದಲು ಇಡೀ ಕಡತವನ್ನು ನಕಲು ಮಾಡಿದವನು, ಸಂಸ್ಥೆ ಮುಂದೆ ಅದೇ ಕಡತದಲ್ಲಿ ಮಾಡಿದ ಸುಧಾರಣೆಯನ್ನು ತನಗರಿವಿಲ್ಲದೆ ಅಳಿಸಿರುತ್ತಾನೆ. ಎದುರಾಳಿ ಮಂಕಾಗಿದ್ದಾನೆಂಬ ದೂರುಗಳನ್ನು ಪರಿಶೀಲಿಸುವಾಗ ಮೊದಲು ನೋಡಬೇಕಾದದ್ದು ಇದನ್ನು. ವಿಮರ್ಶಕರು ಹಾಗೆ ನೋಡಿದ್ದು ಕಡಿಮೆ.

ಇದಕ್ಕೆ ವ್ಯತಿರಿಕ್ತವಾದ ಮಾದರಿ ‘ಫ್ರೀಓರಿಯನ್’. ‘ಮಾಸ್ಟರ್ ಆಫ್ ಓರಿಯನ್’ನಿಂದ ಪ್ರೇರಣೆ ಪಡೆದ, ಮೂಲಸಂಕೇತವನ್ನು ಸರ್ವರಿಗೂ ತೆರೆದಿಟ್ಟ ಈ ಆಟದಲ್ಲಿ ಎದುರಾಳಿಯ ನಿರ್ಧಾರಗಳೇ ಪೈಥಾನ್ ಭಾಷೆಯಲ್ಲಿ ಬರೆಯಲ್ಪಟ್ಟಿವೆ. ಉತ್ಪಾದನೆ, ಸಂಶೋಧನೆ, ವಸಾಹತು, ಸೈನ್ಯ ಇವುಗಳಿಗೆ ಬೇರೆಬೇರೆ ಘಟಕಗಳಿವೆ. ಯಾರು ಬೇಕಾದರೂ ತೆಗೆದು ಹೊಸದಾಗಿ ಬರೆಯಬಹುದು. ಇಲ್ಲಿ ಆಲೋಚನೆಯ ಕ್ರಮವೇ ತಿದ್ದುಪಡಿಗೆ ದೊರೆಯುತ್ತದೆ. ಆದರೆ ಇಷ್ಟು ಸ್ವಾತಂತ್ರ್ಯವಿದ್ದೂ ಎದುರಾಳಿಗಳ ಭೇದವನ್ನು ಮುಖ್ಯವಾಗಿ ನಿರ್ಧರಿಸುವುದು ಆಕ್ರಮಣಶೀಲತೆಯ ಮಟ್ಟವೊಂದೇ: ಅನನುಭವಿಯಿಂದ ಉನ್ಮತ್ತನವರೆಗಿನ ಒಂದು ಏಣಿ. 1993ರ ಆರು ಮನೋಧರ್ಮಗಳ ಮುಂದೆ ಇದು ಪಾತ್ರದೃಷ್ಟಿಯಿಂದ ಹಿನ್ನಡೆಯೇ ಸರಿ.

‘ಸ್ಟೆಲ್ಲಾರಿಸ್’ನ ಇತಿಹಾಸದಲ್ಲಿ ಈ ಸಮಸ್ಯೆ ತೀವ್ರವಾದದ್ದು 2018ರ ಡಿಸೆಂಬರಿನಲ್ಲಿ. ಆಗ ಬಂದ 2.2ನೆಯ ಆವೃತ್ತಿ ಗ್ರಹಗಳ ಅರ್ಥವ್ಯವಸ್ಥೆಯನ್ನೇ ಬದಲಿಸಿತು. ಹಳೆಯ ಚೌಕಗಳ ಜಾಗದಲ್ಲಿ ಜಿಲ್ಲೆಗಳು, ಉದ್ಯೋಗಗಳು ಬಂದವು. ಎದುರಾಳಿ ಹೊಸ ವ್ಯವಸ್ಥೆಯಲ್ಲಿ ಎಡವಿದ. ಆಟದ ಕಠಿಣ ಹಂತಗಳು ಅವನಿಗೆ ಹೆಚ್ಚುವರಿ ಸಂಪನ್ಮೂಲವನ್ನು ದಾನ ಮಾಡುತ್ತವೆಯೇ ಹೊರತು ಅದನ್ನು ವಿನಿಯೋಗಿಸುವ ಜಾಣ್ಮೆಯನ್ನಲ್ಲ. ಈ ಕೊರತೆಯನ್ನು ತುಂಬಲು ಹುಟ್ಟಿದ ಮಾಡ್‌ಗಳಲ್ಲಿ ‘ಸ್ಟಾರ್‌ನೆಟ್ ಎಐ’ ಪ್ರಸಿದ್ಧವಾದುದು. ತೂಕಗಳನ್ನು, ಆಯವ್ಯಯದ ಕಡತಗಳನ್ನು ಮರುಹೊಂದಿಸಿ ಅದು ಎದುರಾಳಿಗೆ ಮಿತವ್ಯಯವನ್ನೂ ದೊಡ್ಡ ನೌಕಾಬಲವನ್ನೂ ಕಲಿಸಿತು. ಆಟ ನಿಜಕ್ಕೂ ಕಠಿಣವಾಯಿತು. ಈ ಸಾಧನೆಯನ್ನು ಹಗುರವಾಗಿ ಕಾಣಲಾಗದು.

ಆದರೆ ಬೆಲೆ ತೆತ್ತದ್ದು ಸ್ವಭಾವ. ಗೆಲುವಿಗೆ ಅತ್ಯಂತ ಲಾಭಕರವಾದ ದಾರಿ ಸಾಮಾನ್ಯವಾಗಿ ಒಂದೇ ಆಗಿರುವುದರಿಂದ, ಎಲ್ಲರನ್ನೂ ಆ ದಾರಿಗೆ ಹಚ್ಚಿದಾಗ ಯತಿಯೂ ವರ್ತಕನೂ ಪಂಡಿತನೂ ದಂಡನಾಯಕರಾಗುತ್ತಾರೆ. ನೆರೆಯವನು ದುರ್ಬಲನಾದೊಡನೆ ಅವನ ಮೇಲೆ ಬೀಳುವುದೇ ಎಲ್ಲರ ನೀತಿಯಾಗುತ್ತದೆ. ಮುಖಚಿತ್ರ, ಧ್ವಜ, ಸಂಬೋಧನೆಯ ಭಾಷೆ ಮಾತ್ರ ಬೇರೆ. ದಂಡಿಯು ‘ಕಾವ್ಯಾದರ್ಶ’ದಲ್ಲಿ ಶತ್ರುವಿನ ವಂಶ, ಪರಾಕ್ರಮ, ವಿದ್ಯೆಗಳನ್ನು ವರ್ಣಿಸಿ ಅವನನ್ನು ಗೆದ್ದ ನಾಯಕನ ಉತ್ಕರ್ಷವನ್ನು ಹೇಳುವ ಕ್ರಮವನ್ನು ಮೆಚ್ಚುತ್ತಾನೆ. ಅಲ್ಲಿ ಪರಾಕ್ರಮ ಮೂರರಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಬೇಕು. ಮಾಡ್ ರಚನಕಾರರು ಅದೊಂದನ್ನೇ ಬೆಳೆಸಿ ಉಳಿದೆರಡನ್ನು ಬರಿಯ ಅಲಂಕಾರವೆಂದು ಬಿಟ್ಟರು. ಕಾವ್ಯಮೀಮಾಂಸೆಯ ಅಳತೆಗೋಲನ್ನು ಆಟಕ್ಕೆ ಹಿಡಿಯುವುದು ಅತಿರೇಕವೆನಿಸಬಹುದು. ಆದರೆ ನೂರಾರು ತಾರೆಗಳ ನಡುವೆ ಗಂಟೆಗಟ್ಟಲೆ ನಡೆಯುವ ಸಂಧಿ-ವಿಗ್ರಹಗಳಲ್ಲಿ ಎದುರಾಳಿ ಇಂಥವನೆಂದು ಊಹಿಸಲಾಗದಿದ್ದರೆ ರಾಜನೀತಿಗೆ ಎಡೆಯೇ ಇರುವುದಿಲ್ಲ. ಉಳಿಯುವುದು ಹಡಗುಗಳ ಎಣಿಕೆ ಮಾತ್ರ.

2021ರಲ್ಲಿ ಸಂಸ್ಥೆ ಹಳೆಯ ಭಾಗಗಳ ದುರಸ್ತಿಗೆಂದೇ ‘ಕಸ್ಟೋಡಿಯನ್’ ಎಂಬ ತಂಡವನ್ನು ರಚಿಸಿತು. ಎದುರಾಳಿಯ ಸುಧಾರಣೆಯೂ ಅದರ ಕೆಲಸಗಳಲ್ಲಿ ಒಂದಾಯಿತು. 2025ರ ಮೇ ತಿಂಗಳ 4.0ನೆಯ ಆವೃತ್ತಿ ಜನಸಂಖ್ಯೆ ಮತ್ತು ಗ್ರಹಗಳ ವ್ಯವಸ್ಥೆಯನ್ನು ಮತ್ತೊಮ್ಮೆ ಬದಲಿಸಿದುದರಿಂದ ಹಿಂದಿನ ತೂಕಗಳು ಬಹುಪಾಲು ಅರ್ಥ ಕಳೆದುಕೊಂಡವು. ಸ್ವಭಾವದ ಪ್ರಶ್ನೆಯನ್ನು ಎತ್ತಿದವರು ಮಾತ್ರ ವಿಮರ್ಶಕರಲ್ಲ, ಆಟಗಾರರೇ. ‘ಸ್ಟಾರ್‌ನೆಟ್’ನ ಎದುರಾಳಿಗಳ ಯುದ್ಧದಾಹವನ್ನು ತಗ್ಗಿಸಿ ಮೈತ್ರಿಗೆ ಅವಕಾಶ ಕೊಡಲೆಂದೇ ಅದರ ಜೊತೆಗೆ ಇನ್ನೊಂದು ಪುಟ್ಟ ಮಾಡ್ ಹುಟ್ಟಿಕೊಂಡಿತು. ಅದಕ್ಕೆ ‘ಫ್ರೆಂಡ್‌ಶಿಪ್’ ಎಂದೇ ಹೆಸರು.