ನೂರಕ್ಕೆ ಐದರ ಪುಣ್ಯ

ಬಹುರಾಷ್ಟ್ರೀಯ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಮಾತು ಬಂದಾಗ ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ ಬೇಯರ್ ಕಂಪನಿಯ ಬಾಲಕಾರ್ಮಿಕ ವಿರೋಧಿ ಕಾರ್ಯಕ್ರಮದ ಹೆಸರು ಕೇಳಿಬರುತ್ತದೆ. ಹತ್ತಿ ಬೀಜದ ಹೊಲದಿಂದ ಮಕ್ಕಳನ್ನು ಶಾಲೆಗೆ ಕಳಿಸಿದ ಖ್ಯಾತಿ ಅದರದು. ಖ್ಯಾತಿ ಸುಳ್ಳಲ್ಲ, ಆದರೆ ಮಾಡಿದ್ದಕ್ಕಿಂತ ದೊಡ್ಡದು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯವರಿಗೂ ನೆರೆಯ ಕೊಪ್ಪಳದವರಿಗೂ ಮಿಶ್ರತಳಿ ಬೀಜಕ್ಕಾಗಿ ಮಾಡುವ ಹತ್ತಿ ಕ್ರಾಸಿಂಗ್ ವಿವರಿಸಬೇಕಿಲ್ಲ. ಸಂಜೆ ಮೊಗ್ಗಿನ ಗಂಡು ಭಾಗ ಬಿಡಿಸಬೇಕು, ಮರುದಿನ ಬೆಳಿಗ್ಗೆ ಪರಾಗ ತಾಕಿಸಬೇಕು. ಹೂವು ಹೂವಿಗೂ ಕೈ ಬೇಕು. ಖರ್ಚಿನಲ್ಲಿ ದೊಡ್ಡ ಪಾಲು ಕೂಲಿಯದು. ಅದನ್ನು ಉಳಿಸಲೆಂದೇ ಮಕ್ಕಳು, ಹೆಚ್ಚಾಗಿ ಹುಡುಗಿಯರು, ಹೊಲಕ್ಕಿಳಿದರು.

ಬೇಯರ್ 2002ರಲ್ಲಿ ಅವೆಂಟಿಸ್ ಕ್ರಾಪ್‌ಸೈನ್ಸ್ ಅನ್ನು ಕೊಂಡಾಗ ಪ್ರೊಆಗ್ರೊ ಬೀಜ ಕಂಪನಿಯೂ ಅದರ ಪಾಲಾಯಿತು. ಮರುವರ್ಷ ಸಂಶೋಧಕ ದಾವುಲೂರಿ ವೆಂಕಟೇಶ್ವರ್ಲು ಅವರ ವರದಿ ಆಂಧ್ರದ ಬೀಜದ ಹೊಲಗಳ ಸ್ಥಿತಿಯನ್ನು ಬಯಲಿಗೆಳೆಯಿತು, ಯುರೋಪಿನಲ್ಲಿ ಗದ್ದಲವೆದ್ದಿತು. ಆಮೇಲೆ ಬಂದವು ತಪಾಸಣೆ, ಶಾಲೆ, ತಪ್ಪಿದರೆ ದಂಡನೆ. ಜೊತೆಗೆ, ಮಕ್ಕಳನ್ನು ದುಡಿಸದ ರೈತನಿಗೆ ಖರೀದಿ ಬೆಲೆಯ ಮೇಲೆ ಶೇ. 5 ಬೋನಸ್.

ಈ ಐದನ್ನೇ ಕೆದಕಬೇಕು. ಬೆಲೆ ಕಟ್ಟುವುದು ಕಂಪನಿ. ಆ ಬೆಲೆಯಲ್ಲಿ ದೊಡ್ಡವರ ಕೂಲಿ ಗಿಟ್ಟುವುದಿಲ್ಲ ಎಂಬುದೇ ವೆಂಕಟೇಶ್ವರ್ಲು ಮತ್ತು ಲೂಸಿಯಾ ದಾ ಕೋರ್ಟಾ 2005ರಲ್ಲಿ ಮಂಡಿಸಿದ ವಾದ. ಹಾಗಿದ್ದರೆ ಮೂಲ ಬೆಲೆಯಲ್ಲೇ ಸೇರಬೇಕಾದ ಕೂಲಿ ಇಲ್ಲಿ ಒಳ್ಳೆಯ ನಡತೆಯ ಬಹುಮಾನವಾಗಿ ಬಂದಿದೆ. ನೂರು ರೂಪಾಯಿಗೆ ಐದು ಕೊಟ್ಟವರು ದಾನಿ. ನೂರು ಸಾಲದೆ ಮಗುವನ್ನು ಕರೆತಂದ ರೈತ ಅಪರಾಧಿ.

ಇದೆಲ್ಲ ಬರೀ ಪ್ರಚಾರ ಎನ್ನುವ ವಿಮರ್ಶಕರಿದ್ದಾರೆ. ಅವರದು ಸೋಮಾರಿ ಸಿನಿಕತನ. ತಪಾಸಣೆ ನಡೆದ ಹೊಲಗಳಲ್ಲಿ ಮಕ್ಕಳು ನಿಜಕ್ಕೂ ಕಡಿಮೆಯಾದರು, ಅದನ್ನು ಅಲ್ಲಗಳೆದರೆ ಕಂಪನಿಗೆ ಸುಲಭದ ಗೆಲುವು. ಇನ್ನೊಂದು ಗುಂಪು ಕಟ್ಟಿಸಿದ ಕೊಠಡಿ, ಹಂಚಿದ ಪುಸ್ತಕ ಎಣಿಸಿ ಚಪ್ಪಾಳೆ ತಟ್ಟುತ್ತದೆ. ಇವರಿಬ್ಬರೂ ಖರೀದಿ ರಸೀದಿಯನ್ನು ನೋಡುವುದೇ ಇಲ್ಲ. 2015ರಲ್ಲಿ ವೆಂಕಟೇಶ್ವರ್ಲು ಅವರೇ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳನ್ನು ನೋಡಿ, ದೇಶದ ಹತ್ತಿ ಬೀಜದ ಹೊಲಗಳಲ್ಲಿ 14 ವರ್ಷದೊಳಗಿನ ಸುಮಾರು 2 ಲಕ್ಷ ಮಕ್ಕಳಿದ್ದಾರೆ ಎಂದು ಅಂದಾಜಿಸಿದರು. ಕೆಲಸ ಸಣ್ಣ ಹಿಡುವಳಿಗಳಿಗೆ ಸರಿದು, ಮನೆಯ ಮಕ್ಕಳೇ ಕೂಲಿಗಳಾಗಿದ್ದರು. ಮರುವರ್ಷದ ಬಾಲಕಾರ್ಮಿಕ ಕಾನೂನು ತಿದ್ದುಪಡಿ, ಶಾಲೆಯ ವೇಳೆ ಮುಗಿದ ಮೇಲೆ ಮನೆಯ ಕಸುಬಿಗೆ ಕೈಜೋಡಿಸಲು ಮಕ್ಕಳಿಗೆ ಅವಕಾಶ ಕೊಟ್ಟಿತು.

2013ರ ಕಂಪನಿ ಕಾಯ್ದೆಯ 135ನೇ ಕಲಂ ದೊಡ್ಡ ಕಂಪನಿಗಳಿಂದ ಸಾಮಾಜಿಕ ಹೊಣೆಗಾರಿಕೆಗೆಂದು ಮೂರು ವರ್ಷದ ಸರಾಸರಿ ಲಾಭದ ಶೇ. 2 ಕೇಳುತ್ತದೆ. ಮಾಮೂಲಿ ವ್ಯವಹಾರದ ಖರ್ಚನ್ನು ನಿಯಮಗಳು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಅಂದರೆ ಶಾಲೆಗೆ ಬಣ್ಣ ಬಳಿದರೆ ಹೊಣೆಗಾರಿಕೆ, ಬೀಜಕ್ಕೆ ನ್ಯಾಯದ ಬೆಲೆ ಕೊಟ್ಟರೆ ಅಲ್ಲ. ಖರೀದಿ ಬೆಲೆ ಬಹಿರಂಗಪಡಿಸದ ಯಾವ ಬೀಜ ಕಂಪನಿಯ ಸಾಮಾಜಿಕ ವರದಿಯನ್ನೂ ಪೂರ್ಣವೆಂದು ಒಪ್ಪಬಾರದು.