ನಡುಗುವ ಕ್ಯಾಮೆರಾ, ಕ್ಷಮೆ ಕೇಳುವ ಗೂಢಚಾರ

ಗೂಢಚಾರ ಚಿತ್ರಗಳ ಗೀಳು ಇರುವ ನಾಲ್ಕು ಜನ ಸೇರಿದ ಕಡೆ ‘ದ ಬಾರ್ನ್ ಸುಪ್ರಿಮಸಿ’ಯ ಹೆಸರೆತ್ತಿ ನೋಡಿ. ಇಬ್ಬರು ಸರಣಿಯಲ್ಲೇ ಇದಕ್ಕೆ ಸಾಟಿಯಿಲ್ಲ ಎನ್ನುತ್ತಾರೆ. ಉಳಿದಿಬ್ಬರು, ಕ್ಯಾಮೆರಾ ಅಲ್ಲಾಡಿ ಅಲ್ಲಾಡಿ ತಲೆ ಸಿಡಿಯುವಂತಾಯಿತು, ಯಾರು ಯಾರಿಗೆ ಹೊಡೆದರೋ ಒಂದೂ ತಿಳಿಯಲಿಲ್ಲ ಎನ್ನುತ್ತಾರೆ. ಚಿತ್ರ ಅಮೆರಿಕದಲ್ಲಿ ತೆರೆಕಂಡದ್ದು 2004ರ ಜುಲೈನಲ್ಲಿ. ಎರಡು ದಶಕ ಕಳೆದರೂ ಈ ಜಗಳ ಆರಿಲ್ಲ. ಕಥೆಯ ಗುಟ್ಟುಗಳನ್ನೆಲ್ಲ ಬಿಚ್ಚದೆ ಈ ಜಗಳಕ್ಕೆ ನ್ಯಾಯ ಹೇಳಲಾಗದು. ಇನ್ನೂ ನೋಡದವರು ನೋಡಿಕೊಂಡು ಬಂದೇ ಮುಂದೆ ಓದಿ.

2002ರ ಮೊದಲ ಭಾಗ ‘ದ ಬಾರ್ನ್ ಐಡೆಂಟಿಟಿ’ಯ ವಿಷಯದಲ್ಲಿ ಇಂಥ ತಕರಾರು ಇರಲಿಲ್ಲ. ಬೆನ್ನಿಗೆ ಗುಂಡೇಟು ಬಿದ್ದು ಮೆಡಿಟರೇನಿಯನ್ ಸಮುದ್ರದಲ್ಲಿ ತೇಲುತ್ತಿರುವ ಒಬ್ಬನನ್ನು ಮೀನುಗಾರರು ಮೇಲೆತ್ತುತ್ತಾರೆ. ತಾನು ಯಾರೆಂಬುದು ಅವನಿಗೆ ಮರೆತಿದೆ, ಕೊಲ್ಲುವ ವಿದ್ಯೆ ಮಾತ್ರ ಕೈಕಾಲಿಗೆ ಮರೆತಿಲ್ಲ. ಡಗ್ ಲೈಮನ್ ನಿರ್ದೇಶಿಸಿದ ಆ ಚಿತ್ರದಲ್ಲಿ ಪ್ಯಾರಿಸ್ಸಿನ ಗಲ್ಲಿಗಳಲ್ಲಿ ಪುಟ್ಟ ಮಿನಿ ಕಾರಿನ ಓಟವಿತ್ತು, ಮರೀ ಎಂಬ ಹುಡುಗಿಯ ಜೊತೆ ಹಗುರವಾಗಿ ಬೆಳೆಯುವ ಪ್ರೀತಿಯಿತ್ತು. ಕೊನೆಗೆ ಗ್ರೀಸಿನ ದ್ವೀಪವೊಂದರಲ್ಲಿ ಇಬ್ಬರೂ ಮತ್ತೆ ಸೇರುತ್ತಾರೆ. ಪ್ರೇಕ್ಷಕ ಸಮಾಧಾನದಿಂದ ಮನೆಗೆ ಹೋದ.

ಎರಡನೆಯ ಭಾಗ ಆ ಸಮಾಧಾನವನ್ನು ಮೊದಲ ಕಾಲು ಗಂಟೆಯಲ್ಲೇ ಮುರಿದುಹಾಕುತ್ತದೆ. ಬಾರ್ನ್ ಮತ್ತು ಮರೀ ಗೋವಾದಲ್ಲಿ ತಲೆಮರೆಸಿಕೊಂಡಿದ್ದಾರೆ. ಹುಡುಕಿಕೊಂಡು ಬಂದ ಕಿರಿಲ್ ಎಂಬ ಹಂತಕ ಬಾರ್ನ್‌ಗೆಂದು ಹಾರಿಸಿದ ಗುಂಡು, ಜೀಪಿನ ಸ್ಟಿಯರಿಂಗ್ ಹಿಡಿದಿದ್ದ ಮರೀಗೆ ತಗಲುತ್ತದೆ. ಜೀಪು ಸೇತುವೆಯಿಂದ ನದಿಗೆ ಬೀಳುತ್ತದೆ. ನೀರಿನಡಿಯಲ್ಲಿ ಅವಳ ಬಾಯಿಗೆ ಬಾಯಿಟ್ಟು ಉಸಿರು ತುಂಬಲು ಹೆಣಗಿದವನು ಕಡೆಗೆ ಕೈಬಿಡುತ್ತಾನೆ. ಫ್ರಾಂಕಾ ಪೊಟೆಂಟೆಯಂಥ ನಟಿಯನ್ನು ಇಷ್ಟು ಬೇಗ ಕಳಿಸಿಬಿಟ್ಟರಲ್ಲ ಎಂದು ಬೇಸರಪಟ್ಟವರು ಬಹಳ ಮಂದಿ. ಆ ಬೇಸರ ನನಗೂ ಇದೆ. ಆದರೆ ಅವಳ ಗೈರುಹಾಜರಿ ಇಡೀ ಚಿತ್ರದ ಮೇಲೆ ಕವಿದಿರುತ್ತದೆ. ಪಾಸ್‌ಪೋರ್ಟು, ಕಾಗದಪತ್ರಗಳನ್ನೆಲ್ಲ ಸುಟ್ಟು ಅವಳ ಒಂದು ಫೋಟೊ ಮಾತ್ರ ಉಳಿಸಿಕೊಳ್ಳುವ ಬಾರ್ನ್ ಆಮೇಲೆ ಒಂದು ಸಲವೂ ನಗುವುದಿಲ್ಲ.

ನಮ್ಮ ಕರಾವಳಿಯ ಪ್ರೇಕ್ಷಕರು ಹೇಳುವ ಇನ್ನೊಂದು ದೂರೂ ಇದೆ. ಪಾಲೊಳೆಂ ಕಡಲತೀರ ಕಾರವಾರದಿಂದ ಒಂದು ತಾಸಿನ ದಾರಿ. ಅಲ್ಲಿಂದ ಪಣಜಿಗೆ ಸುಮಾರು 70 ಕಿಲೋಮೀಟರ್. ಚಿತ್ರದಲ್ಲಿ ಎರಡೂ ಪಕ್ಕದ ಬೀದಿಗಳ ಹಾಗೆ ಕೂಡಿಕೊಂಡಿವೆ. ಊರು ಬಲ್ಲವರಿಗೆ ಇದು ಚುಚ್ಚುವುದು ಸಹಜ. ಗೂಢಚಾರನನ್ನು ಗೋವಾಕ್ಕೆ ಕಳಿಸುವುದು ಕನ್ನಡಿಗರಿಗೆ ಹೊಸದೇನೂ ಅಲ್ಲ. ‘ಜೇಡರ ಬಲೆ’ ಗೆದ್ದ 1968ರಲ್ಲೇ ದೊರೆ–ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ‘ಗೋವಾದಲ್ಲಿ ಸಿ.ಐ.ಡಿ. 999’ ಮಾಡಿತ್ತು. ಆ ಚಿತ್ರದ ಗೂಢಚಾರ ಪ್ರಕಾಶ್ ಬಂದದ್ದು ಠಾಕುಠೀಕಾಗಿ, ಕೆಲಸ ಮುಗಿಸಿ ಗೆದ್ದು ಹೋಗಲಿಕ್ಕೆ. ಬಾಂಡ್ ಕಾಲದ ಗೂಢಚಾರನ ಚಹರೆಯೇ ಅದು. ಮಾಸಿದ ಕೋಟು ಹಾಕಿ, ಕಾಲು ಕುಂಟುತ್ತ ಓಡುವ ಬಾರ್ನ್ ಬೇರೆಯೇ ಜಾತಿಯವನು.

ರಾಬರ್ಟ್ ಲಡ್ಲಮ್ ಅವರ 1986ರ ಕಾದಂಬರಿ ಓದಿಕೊಂಡು ಹೋದವರ ಸಿಟ್ಟು ಬೇರೆ ಬಗೆಯದು. ಪುಸ್ತಕದಲ್ಲಿ ಮರೀ ಸಾಯುವುದಿಲ್ಲ, ಅವಳ ಅಪಹರಣವಾಗುತ್ತದೆ. ಕಥೆ ನಡೆಯುವುದು ಹಾಂಗ್‌ಕಾಂಗ್ ಕಡೆ, ಬಾರ್ನ್ ಹೆಸರು ಹೇಳಿಕೊಂಡು ಕೊಲೆ ಮಾಡುತ್ತಿರುವ ನಕಲಿಯೊಬ್ಬನ ಸುತ್ತ. ಚಿತ್ರಕಥೆ ಬರೆದ ಟೋನಿ ಗಿಲ್‌ರಾಯ್ ಅದರಿಂದ ಹೆಸರೊಂದನ್ನು ಬಿಟ್ಟು ಹೆಚ್ಚೇನೂ ತೆಗೆದುಕೊಳ್ಳಲಿಲ್ಲ. ಒಳ್ಳೆಯದನ್ನೇ ಮಾಡಿದರು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಕ್ಯಾಮೆರಾದ ಮಾತಿಗೆ ಬರೋಣ. ಈ ಚಿತ್ರದ ನಿರ್ದೇಶಕ ಪಾಲ್ ಗ್ರೀನ್‌ಗ್ರಾಸ್ ಬ್ರಿಟನ್ನಿನ ಸಾಕ್ಷ್ಯಚಿತ್ರಗಳ ಹಿನ್ನೆಲೆಯಿಂದ ಬಂದವರು. 1972ರಲ್ಲಿ ಉತ್ತರ ಐರ್ಲೆಂಡಿನ ಡೆರಿ ನಗರದಲ್ಲಿ ಮೆರವಣಿಗೆಯ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದ ಘಟನೆಯನ್ನು ಅವರು ‘ಬ್ಲಡಿ ಸಂಡೆ’ ಚಿತ್ರದಲ್ಲಿ ಕೈಯಲ್ಲೇ ಹಿಡಿದ ಕ್ಯಾಮೆರಾದಿಂದ, ಜನಜಂಗುಳಿಯ ನಡುವೆ ನಿಂತು ನೋಡಿದಂತೆ ತೆಗೆದಿದ್ದರು. ಬರ್ಲಿನ್ ಚಿತ್ರೋತ್ಸವದಲ್ಲಿ ಅದಕ್ಕೆ ಚಿನ್ನದ ಕರಡಿ ಬಂತು. ಅದೇ ಕಣ್ಣನ್ನು ಅವರು ಹಾಲಿವುಡ್ ಥ್ರಿಲ್ಲರಿಗೆ ತಂದರು. ಇಲ್ಲಿ ಒಂದೊಂದು ಶಾಟಿನ ಸರಾಸರಿ ಅವಧಿ ಎರಡು ಸೆಕೆಂಡಿನ ಆಸುಪಾಸು ಎಂದು ಚಲನಚಿತ್ರ ವಿದ್ವಾಂಸ ಡೇವಿಡ್ ಬೋರ್ಡ್‌ವೆಲ್ ಲೆಕ್ಕ ಹಾಕಿದ್ದಾರೆ. 2007ರಲ್ಲಿ ಇದೇ ಶೈಲಿಯ ಮೂರನೆಯ ಭಾಗ ಬಂದಾಗ ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್‌ಗೆ, ಹೊಟ್ಟೆ ತೊಳಸಿತು, ತಲೆ ಸುತ್ತಿತು ಎಂದು ಓದುಗರು ಪತ್ರ ಬರೆದರು. ದುಡ್ಡು ಕೊಟ್ಟು ಬಂದವರು ವಾಕರಿಕೆ ಹಿಡಿದುಕೊಂಡು ಮನೆಗೆ ಹೋದರೆ ಅವರನ್ನು ರಸಿಕರಲ್ಲ ಎಂದು ತಳ್ಳಿಹಾಕುವುದು ಅನ್ಯಾಯ. ದೊಡ್ಡ ಪರದೆಯ ಮುಂದಿನ ಸಾಲಿನಲ್ಲಿ ಈ ಚಿತ್ರ ನೋಡುವುದು ನಿಜಕ್ಕೂ ಕಷ್ಟ.

ಆದರೆ ಕ್ಯಾಮೆರಾ ಹಿಡಿಯಲು ಬಾರದೆ ಹೀಗಾಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲ ಮೂರೂ ಭಾಗಗಳ ಛಾಯಾಗ್ರಾಹಕ ಒಬ್ಬರೇ, ಆಲಿವರ್ ವುಡ್. ಮೊದಲ ಭಾಗದಲ್ಲಿ ಕಣ್ಣಿಗೆ ಇಷ್ಟು ಶ್ರಮ ಕೊಡದವರು ಎರಡನೆಯದರಲ್ಲಿ ನಡುಗಿಸಿದ್ದಾರೆ ಎಂದರೆ ಬೇಕೆಂದೇ ನಡುಗಿಸಿದ್ದಾರೆ.

ಮ್ಯೂನಿಕ್‌ನ ಮನೆಯಲ್ಲಿ ನಡೆಯುವ ಫೈಟನ್ನೇ ತೆಗೆದುಕೊಳ್ಳಿ. ಎದುರಾಳಿ ಜಾರ್ಡಾ, ಬಾರ್ನ್‌ನ ಹಾಗೆಯೇ ತರಬೇತಾದ ಕೊಲೆಗಾರ. ಅವನ ಕೈಯಲ್ಲಿ ಚಾಕು, ಬಾರ್ನ್ ಕೈಯಲ್ಲಿ ಸುರುಳಿ ಸುತ್ತಿದ ಒಂದು ಮ್ಯಾಗಜೀನು. ಯಾರ ಮೊಣಕೈ, ಯಾರ ಕುತ್ತಿಗೆ ಎಂದು ಗುರುತು ಸಿಗುವುದರೊಳಗೆ ಇಬ್ಬರೂ ಉರುಳಿ ಬಿದ್ದಿರುತ್ತಾರೆ. ಕಿವಿಗೆ ಬೀಳುವುದು ಏದುಸಿರು, ಪಿಂಗಾಣಿ ಒಡೆಯುವ ಸದ್ದು, ಗೋಡೆಗೆ ಮೈ ಅಪ್ಪಳಿಸುವ ಸದ್ದು. ಬಾರ್ನ್ ಅವನನ್ನು ಉಸಿರುಗಟ್ಟಿಸಿ ಕೊಲ್ಲುತ್ತಾನೆ. ಕೊಂದಮೇಲೆ ಅವನ ಮುಖ ನೋಡಿ: ಗೆದ್ದ ಕಳೆ ಎಳ್ಳಷ್ಟೂ ಇಲ್ಲ, ಹೇಸಿಗೆಯಿದೆ. ಹೊಡೆದಾಟ ಚೆನ್ನಾಗಿ ಕಂಡಿದ್ದರೆ ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಗ್ರೀನ್‌ಗ್ರಾಸ್‌ಗೆ ಆ ಚಪ್ಪಾಳೆ ಬೇಕಿರಲಿಲ್ಲ.

ಮಾಸ್ಕೋದ ಚೇಸ್ ಇನ್ನೂ ಒಂದು ಕೈ ಮೇಲು. ಭುಜಕ್ಕೆ ಗುಂಡು ಬಿದ್ದ ಬಾರ್ನ್ ಅಂಗಡಿಯೊಂದಕ್ಕೆ ನುಗ್ಗಿ ವೋಡ್ಕಾ ಬಾಟಲಿ ಎತ್ತಿಕೊಳ್ಳುತ್ತಾನೆ, ಹಳದಿ ವೋಲ್ಗಾ ಟ್ಯಾಕ್ಸಿಯೊಂದನ್ನು ಕಿತ್ತುಕೊಂಡು ಹೊರಡುತ್ತಾನೆ. ಒಂದು ಕೈ ಸ್ಟಿಯರಿಂಗ್ ಮೇಲೆ, ಇನ್ನೊಂದರಲ್ಲಿ ನಗರದ ನಕ್ಷೆ. ಅದರ ನಡುವೆಯೇ ಗಾಯಕ್ಕೆ ವೋಡ್ಕಾ ಸುರಿದುಕೊಳ್ಳಬೇಕು. ಕ್ಯಾಮೆರಾ ಅವನ ಪಕ್ಕದ ಸೀಟಿನಲ್ಲಿ ಕೂತ ಹಾಗೆ ಇದೆ. ಪಕ್ಕದಿಂದ ಬಂದು ಗುದ್ದುವ ವಾಹನ ಅವನಿಗೆ ಎಷ್ಟು ಕಾಣುತ್ತದೋ ನಮಗೂ ಅಷ್ಟೇ. ಪೆಟ್ಟು ಬಿದ್ದಮೇಲೆಯೇ ಎಲ್ಲಿಂದ ಬಿತ್ತೆಂದು ಗೊತ್ತಾಗುವುದು. ದೃಶ್ಯ ಕಟ್ಟಿದವರು ಎರಡನೇ ಘಟಕದ ನಿರ್ದೇಶಕ ಡ್ಯಾನ್ ಬ್ರ್ಯಾಡ್ಲಿ. ಸುರಂಗದೊಳಗೆ ಕಿರಿಲ್‌ನ ಜೀಪು ಕಾಂಕ್ರೀಟಿಗೆ ಅಪ್ಪಳಿಸುತ್ತದೆ. ಮರೀಯನ್ನು ಕೊಂದವನು ಕಣ್ಣೆದುರಿಗಿದ್ದಾನೆ, ಕೈಯಲ್ಲಿ ಪಿಸ್ತೂಲಿದೆ. ಬಾರ್ನ್ ಗುರಿ ಹಿಡಿಯುತ್ತಾನೆ, ಆಮೇಲೆ ತಿರುಗಿ ನಡೆದುಬಿಡುತ್ತಾನೆ.

ಬೇರೆ ಯಾವುದೇ ಚಿತ್ರ ಇಲ್ಲಿಗೆ ಮುಗಿಯುತ್ತಿತ್ತು. ಇಷ್ಟು ಹೊತ್ತು ಅವನು ಓಡುತ್ತಿದ್ದದ್ದು ಸೇಡಿಗೆ ಎಂದುಕೊಂಡಿದ್ದೆವು. ಅವನು ಹೊರಟಿದ್ದದ್ದು ಮಾಸ್ಕೋದ ಒಂದು ಬಡ ಅಪಾರ್ಟ್‌ಮೆಂಟಿಗೆ, ಇರೀನಾ ನೆಸ್ಕಿ ಎಂಬ ಹುಡುಗಿಯ ಮನೆಗೆ. ವರ್ಷಗಳ ಹಿಂದೆ ಬರ್ಲಿನ್ನಿನ ಹೋಟೆಲಿನಲ್ಲಿ ಅವಳ ತಂದೆಯನ್ನು ಕೊಂದವನು ಇವನೇ. ತಾಯಿ ಅಲ್ಲಿರಬೇಕಿರಲಿಲ್ಲ. ಇದ್ದಳೆಂದು ಅವಳನ್ನೂ ಕೊಂದು, ಹೆಂಡತಿಯೇ ಗಂಡನನ್ನು ಕೊಂದು ತಾನೂ ಸತ್ತಳೆಂದು ಕಾಣುವಂತೆ ಮಾಡಿದ್ದ. ಮಗಳು ಅದನ್ನೇ ನಂಬಿಕೊಂಡು ದೊಡ್ಡವಳಾದಳು. ಅವಳು ಬಾಗಿಲು ತೆಗೆದು ಒಳಬಂದಾಗ ಅಪರಿಚಿತನೊಬ್ಬ ರಕ್ತ ಸೋರುತ್ತ ಕುರ್ಚಿಯಲ್ಲಿ ಕೂತಿರುತ್ತಾನೆ. ಅಲ್ಲಿರುವ ತಂದೆತಾಯಿಯ ಫೋಟೊ ನಿನಗೆ ಮುಖ್ಯ ಅಲ್ಲವೇ ಎಂದು ಕೇಳುತ್ತಾನೆ. ಅವಳು ಅದು ಬರೀ ಫೋಟೊ ಎನ್ನುತ್ತಾಳೆ. ಆಮೇಲೆ ನಿಜ ಹೇಳುತ್ತಾನೆ: ನಿನ್ನ ತಾಯಿ ಕೊಲೆ ಮಾಡಲಿಲ್ಲ, ಮಾಡಿದವನು ನಾನು. ಹೇಳುವುದಕ್ಕೆ ಅವನಿಗೆ ಮಾತೇ ಸರಿಯಾಗಿ ಹೊರಡುವುದಿಲ್ಲ. ಒಕ್ಸಾನಾ ಅಕಿನ್‌ಶಿನಾ ಎಂಬ ಆ ಎಳೆಯ ನಟಿ ಒಂದು ಮಾತೂ ಆಡದೆ ಕೇಳಿಸಿಕೊಳ್ಳುವ ರೀತಿ, ಮ್ಯಾಟ್ ಡೇಮನ್ ತಗ್ಗಿದ ದನಿಯಲ್ಲಿ ಕ್ಷಮೆ ಕೇಳಿ ಕುಂಟುತ್ತ ಹಿಮದೊಳಗೆ ನಡೆದುಹೋಗುವ ರೀತಿ ಎರಡನ್ನೂ ಮರೆಯಲಾಗದು. ಆ ಕೋಣೆಯಲ್ಲಿ ಕ್ಯಾಮೆರಾದ ಗಡಿಬಿಡಿ ಇಳಿದಿದೆ. ಮುಖಗಳ ಮೇಲೆ ನಿಂತು ನೋಡುತ್ತದೆ.

ಪ್ರೇಕ್ಷಕರ ಅಭಿಪ್ರಾಯಗಳಲ್ಲಿ ನನಗಿರುವ ದೊಡ್ಡ ಕೊರಗು ಇದೇ. ಹೊಗಳಿದವರು ಚೇಸ್ ಹೊಗಳಿದರು, ತೆಗಳಿದವರು ಕ್ಯಾಮೆರಾ ತೆಗಳಿದರು. ಕೋಟಿಗಟ್ಟಲೆ ಡಾಲರಿನ ಆ್ಯಕ್ಷನ್ ಚಿತ್ರವೊಂದು ತನ್ನ ತುತ್ತತುದಿಯಲ್ಲಿ, ತಾನು ಅನಾಥಳಾಗಿಸಿದ ಹುಡುಗಿಯೆದುರು ನಾಯಕನನ್ನು ತಲೆತಗ್ಗಿಸಿ ಕೂರಿಸಿದ್ದನ್ನು ಎರಡೂ ಕಡೆಯವರು ದಾಟಿ ಹೋದರು. ಅದುವರೆಗಿನ ನಡುಕವೆಲ್ಲ ಆ ಕೋಣೆಗೆ ಬರಲು ನಡೆದ ದಾರಿ. ಅರೆಬರೆ ನೆನಪು ಹೊತ್ತು, ತಾನೇನು ಮಾಡಿದೆನೆಂದು ತಡಕಾಡುತ್ತಿರುವವನ ಕಣ್ಣಿಗೆ ಲೋಕ ನೆಟ್ಟಗೆ ಕಾಣಬಾರದು. ಗ್ರೀನ್‌ಗ್ರಾಸ್ ಅದನ್ನು ತೋರಿಸಿದರು.

ಹಾಗೆಂದು ಎಲ್ಲ ಕಡೆಯೂ ಈ ನಡುಕಕ್ಕೆ ಅರ್ಥವಿದೆ ಎನ್ನಲಾರೆ. ಸಿ.ಐ.ಎ. ಅಧಿಕಾರಿಗಳಾದ ಪಮೇಲಾ ಲ್ಯಾಂಡಿಯಾಗಿ ಜೋನ್ ಅಲೆನ್, ಅಬಟ್ ಆಗಿ ಬ್ರಯಾನ್ ಕಾಕ್ಸ್ ಆಫೀಸಿನಲ್ಲಿ ಎದುರುಬದುರು ನಿಂತು ವಾದಿಸುವಾಗ ಕ್ಯಾಮೆರಾ ಯಾಕೆ ತೂಗಾಡಬೇಕು? ಅಂಥ ಇಬ್ಬರು ನಟರಿರುವಾಗ ಸುಮ್ಮನೆ ನಿಲ್ಲಬಹುದಿತ್ತು. ಇದನ್ನು ಅನುಕರಿಸಿದವರ ಪಾಡಂತೂ ಇನ್ನೂ ಕಷ್ಟ. 2008ರ ಬಾಂಡ್ ಚಿತ್ರ ‘ಕ್ವಾಂಟಮ್ ಆಫ್ ಸೋಲೇಸ್’ಗೆ ಇದೇ ಬ್ರ್ಯಾಡ್ಲಿಯನ್ನೂ ಸಂಕಲನಕಾರರಲ್ಲೊಬ್ಬರಾದ ರಿಚರ್ಡ್ ಪಿಯರ್ಸನ್ ಅವರನ್ನೂ ಕರೆಸಿಕೊಂಡರು. ತುಂಡು ತುಂಡು ಶಾಟುಗಳು ಬಂದವು, ಅವುಗಳ ಹಿಂದಿನ ಸಂಕಟ ಬರಲಿಲ್ಲ.

ಕೊನೆಯ ದೃಶ್ಯದ ಬಗ್ಗೆಯೂ ಜಗಳವಿದೆ. ನ್ಯೂಯಾರ್ಕಿನಲ್ಲಿ ಲ್ಯಾಂಡಿಗೆ ಫೋನ್ ಬರುತ್ತದೆ. ಅವಳು ಬಾರ್ನ್‌ಗೆ ಅವನ ನಿಜವಾದ ಹೆಸರು, ಹುಟ್ಟಿದ ದಿನ, ಊರು ಹೇಳುತ್ತಾಳೆ. ನೀವು ದಣಿದ ಹಾಗೆ ಕಾಣುತ್ತೀರಿ, ಸ್ವಲ್ಪ ವಿಶ್ರಾಂತಿ ತಗೊಳ್ಳಿ ಎಂದು ಅವನು ಹೇಳಿದಾಗ, ಎಲ್ಲಿಂದಲೋ ತನ್ನನ್ನೇ ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಾಗುತ್ತದೆ. ಚಿತ್ರ ಬಿಡುಗಡೆಗೆ ಎರಡು ವಾರವಷ್ಟೇ ಇರುವಾಗ ಹೊಳೆದ ಮುಕ್ತಾಯ ಇದು. ‘ಓಷನ್ಸ್ ಟ್ವೆಲ್ವ್’ ಚಿತ್ರೀಕರಣದಲ್ಲಿದ್ದ ಡೇಮನ್ ಅವರನ್ನು ಬಿಡಿಸಿಕೊಂಡು ಬಂದು ತೆಗೆದರು. ಪ್ರಾಯೋಗಿಕ ಪ್ರದರ್ಶನದಲ್ಲಿ ನೋಡಿದವರು ಹಳೆಯ ಮುಕ್ತಾಯಕ್ಕಿಂತ ಇದನ್ನೇ ಮೆಚ್ಚಿದರು. ಥಿಯೇಟರಿನಲ್ಲಿ ಸಿಳ್ಳೆ ಬಿದ್ದದ್ದೂ ಇಲ್ಲೇ. ಆದರೆ ಮಾಸ್ಕೋದ ಹಿಮದಲ್ಲೇ ಮುಗಿಸಬೇಕಿತ್ತು ಎನ್ನುವವರ ಪಕ್ಷ ನನ್ನದು. ಅಷ್ಟು ಭಾರದ ಕ್ಷಮೆಯ ಬೆನ್ನಲ್ಲೇ ಜಾಣತನದ ಮಾತೊಂದು ಬಂದು ಮನಸ್ಸನ್ನು ಬೇಗ ಹಗುರ ಮಾಡಿಬಿಡುತ್ತದೆ. ಮೂರನೆಯ ಭಾಗ ‘ದ ಬಾರ್ನ್ ಅಲ್ಟಿಮೇಟಮ್’ ಅದೇ ಫೋನ್ ಕರೆಯನ್ನು ತನ್ನ ಕಥೆಯ ನಡುವೆ ಮತ್ತೆ ತರುತ್ತದೆ. ಲ್ಯಾಂಡಿ ಹೇಳಿದ ಆ ಹುಟ್ಟಿದ ದಿನ, ಬಾರ್ನ್‌ನನ್ನು ಕೊಲೆಗಾರನನ್ನಾಗಿ ತಯಾರು ಮಾಡಿದ ಕಟ್ಟಡದ ವಿಳಾಸದ ಸಂಕೇತವೆಂದು ಅಲ್ಲಿ ಗೊತ್ತಾಗುತ್ತದೆ. ಎರಡನ್ನೂ ಬೆನ್ನುಬೆನ್ನಿಗೆ ನೋಡಿದರೆ ನನ್ನ ಈ ತಕರಾರು ಬಹುಮಟ್ಟಿಗೆ ಸಡಿಲವಾಗುತ್ತದೆ.